ಸೀಮಿತ ಅಧಿಕಾರದ ವಿಶ್ವ ಸರ್ಕಾರ

ಸೀಮಿತ ಅಧಿಕಾರದ ವಿಶ್ವ ಸರ್ಕಾರ ಎಂಬುದು ರಾಜ್ಯಶಾಸ್ತ್ರದ ಒಂದು ಪರಿಕಲ್ಪನೆ. ಭೂಮಿಯ ಎಲ್ಲ ಜನರೂ ತಮ್ಮ ಪ್ರತಿನಿಧಿಗಳ ಮೂಲಕ ಪಾಲ್ಗೊಳ್ಳುವ ವಿಶ್ವ ಸರ್ಕಾರವೊಂದು ಸ್ಥಾಪನೆಯಾದಲ್ಲಿ, ಅದರ ಅಧಿಕಾರವು ಲಿಖಿತ ಸಂವಿಧಾನವು ಹೆಸರಿಸಿದ ಕೆಲವೇ ವಿಷಯಗಳಿಗೆ ಸೀಮಿತವಾಗಿರಬೇಕು, ಉಳಿದುದೆಲ್ಲವೂ ಆಯಾ ರಾಷ್ಟ್ರಗಳ ಮತ್ತು ಜನರ ಕೈಯಲ್ಲಿಯೇ ಇರಬೇಕು ಎಂಬುದು ಇದರ ತಿರುಳು. ಇಂತಹ ಸರ್ಕಾರ ಇದುವರೆಗೆ ಅಸ್ತಿತ್ವಕ್ಕೆ ಬಂದಿಲ್ಲ. ವಿಶ್ವಸಂಸ್ಥೆಯು ಸಾರ್ವಭೌಮ ರಾಷ್ಟ್ರಗಳ ಕೂಟವೇ ಹೊರತು ಸರ್ಕಾರವಲ್ಲ. ಅದು ವ್ಯಕ್ತಿಗಳ ಮೇಲೆ ನೇರವಾಗಿ ತೆರಿಗೆ ಹಾಕಲಾರದು, ಕಾನೂನು ಹೊರಡಿಸಲಾರದು. ಆದರೂ 1945ರಿಂದ 1950ರವರೆಗಿನ ಅವಧಿಯಲ್ಲಿ ಈ ಪ್ರಶ್ನೆಯು ವಿಜ್ಞಾನಿಗಳು, ನ್ಯಾಯಶಾಸ್ತ್ರಜ್ಞರು ಮತ್ತು ಶಾಸಕರ ನಡುವೆ ಗಂಭೀರ ಚರ್ಚೆಗೆ ಒಳಗಾಯಿತು. ಚರ್ಚೆಯ ಮುಖ್ಯ ತೊಡಕು ಇದು: ಬಲಿಷ್ಠ ಕೇಂದ್ರದಿಂದ ದುರ್ಬಲ ರಾಷ್ಟ್ರವನ್ನು ರಕ್ಷಿಸುವ ಮಿತಿಯೇ, ಆ ರಾಷ್ಟ್ರದೊಳಗಿನ ದುರ್ಬಲರನ್ನು ಅವರ ಸರ್ಕಾರದ ಕೈಗೆ ಒಪ್ಪಿಸಿಬಿಡುವುದೂ ಉಂಟು.

ಹಿನ್ನೆಲೆ

ಇಟಲಿಯ ಕವಿ ದಾಂತೆ 14ನೆಯ ಶತಮಾನದ ಆರಂಭದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ 'ಮೊನಾರ್ಕಿಯಾ' ಗ್ರಂಥದಲ್ಲಿ ಇಡೀ ಮಾನವಕುಲಕ್ಕೆ ಒಬ್ಬನೇ ಚಕ್ರವರ್ತಿ ಇರಬೇಕೆಂದು ವಾದಿಸಿದನು. ಆತನದು ಪ್ರಜಾಪ್ರಭುತ್ವದ ಕಲ್ಪನೆಯಲ್ಲ. ಆದರೆ ಮಿತಿಯ ವಿಚಾರ ಅಲ್ಲಿಯೇ ಇದೆ: ಕೊರೆಯುವ ಚಳಿಯಲ್ಲಿ ಬದುಕುವ ಸಿಥಿಯನ್ನರಿಗೂ ಸುಡುಬಿಸಿಲಿನ ನಾಡಿನ ಗರಮಾಂತರಿಗೂ ಒಂದೇ ಕಟ್ಟಳೆ ಹೊಂದದು, ಚಕ್ರವರ್ತಿಯು ಎಲ್ಲರಿಗೂ ಸಮಾನವಾದ ವಿಷಯಗಳನ್ನು ಮಾತ್ರ ನೋಡಿಕೊಳ್ಳಬೇಕು, ಪ್ರತಿ ಊರಿನ ಸಣ್ಣಪುಟ್ಟ ತೀರ್ಮಾನಗಳು ಅವನಿಂದ ಬರಬೇಕಾಗಿಲ್ಲ ಎಂದು ಆತ ಸ್ಪಷ್ಟವಾಗಿ ಹೇಳಿದ್ದಾನೆ.

ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಪ್ರಕಟಿಸಿದ, ಶಾಶ್ವತ ಶಾಂತಿಯನ್ನು ಕುರಿತ ಪ್ರಬಂಧದಲ್ಲಿ ವಿಶ್ವರಾಜ್ಯವನ್ನು ಒಪ್ಪಲಿಲ್ಲ. ಆಳ್ವಿಕೆಯ ವಿಸ್ತಾರ ಹೆಚ್ಚಿದಷ್ಟೂ ಕಾನೂನಿನ ಬಿಗಿ ಸಡಿಲವಾಗುತ್ತದೆ. ಕೊನೆಗೆ ಜೀವಕಳೆಯಿಲ್ಲದ ನಿರಂಕುಶ ಪ್ರಭುತ್ವವೂ ಅದರ ಬೆನ್ನಿಗೇ ಅರಾಜಕತೆಯೂ ಬರುತ್ತವೆ ಎಂಬುದು ಆತನ ಭೀತಿ. ಬದಲಿಗೆ ಸ್ವತಂತ್ರ ಗಣರಾಜ್ಯಗಳ ಒಕ್ಕೂಟವನ್ನು ಆತ ಸೂಚಿಸಿದನು. ನಂತರದ ಸೀಮಿತಾಧಿಕಾರವಾದಿಗಳೆಲ್ಲರೂ ಒಂದಿಲ್ಲೊಂದು ಬಗೆಯಲ್ಲಿ ಕಾಂಟನ ಈ ಭೀತಿಗೆ ಉತ್ತರ ಹುಡುಕಿದವರೇ.

ಎರಡನೆಯ ಮಹಾಯುದ್ಧದ ನಂತರ

1945ರ ಆಗಸ್ಟ್‌ನಲ್ಲಿ ಹಿರೋಶಿಮಾ ಮತ್ತು ನಾಗಾಸಾಕಿಗಳ ಮೇಲೆ ಪರಮಾಣು ಬಾಂಬುಗಳು ಬಿದ್ದ ಮೇಲೆ, ಆ ವರ್ಷದ ಜೂನ್‌ನಲ್ಲಷ್ಟೇ ಸಹಿಯಾಗಿದ್ದ ವಿಶ್ವಸಂಸ್ಥೆಯ ಸನ್ನದು ಹುಟ್ಟುವಾಗಲೇ ಹಳೆಯದಾಯಿತೆಂಬ ಭಾವನೆ ಹಲವರಲ್ಲಿ ಮೂಡಿತು. ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ವಕೀಲ ಗ್ರೆನ್‌ವಿಲ್ ಕ್ಲಾರ್ಕ್ ಮತ್ತು ನಿವೃತ್ತ ನ್ಯಾಯಮೂರ್ತಿ ಓವೆನ್ ರಾಬರ್ಟ್ಸ್ ಮುಂತಾದವರು ಸಭೆ ಸೇರಿ, ಯುದ್ಧವನ್ನು ತಡೆಯಲು ಸಾಕಾಗುವಷ್ಟು ಮಾತ್ರ ಅಧಿಕಾರವುಳ್ಳ ವಿಶ್ವ ಒಕ್ಕೂಟ ಸರ್ಕಾರ ಬೇಕೆಂದು ಘೋಷಿಸಿದರು. 1947ರ ಫೆಬ್ರವರಿಯಲ್ಲಿ ಆ್ಯಶ್‌ವಿಲ್‌ನಲ್ಲಿ ಹಲವು ಸಣ್ಣ ಸಂಘಗಳು ಕೂಡಿ 'ಯುನೈಟೆಡ್ ವರ್ಲ್ಡ್ ಫೆಡರಲಿಸ್ಟ್ಸ್' ಎಂಬ ಸಂಸ್ಥೆಯಾದವು. ಅದೇ ವರ್ಷದ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ನಡೆದ ಅಂತಾರಾಷ್ಟ್ರೀಯ ಸಮಾವೇಶವು ತನ್ನ ಘೋಷಣೆಯಲ್ಲಿ ವಿಶ್ವ ವ್ಯವಹಾರಗಳಿಗೆ ಸಂಬಂಧಿಸಿದ ಅಧಿಕಾರಗಳ ವರ್ಗಾವಣೆ, ವ್ಯಕ್ತಿಗಳ ಮೇಲೆ ನೇರವಾಗಿ ಅನ್ವಯವಾಗುವ ವಿಶ್ವ ಕಾನೂನು, ರಾಷ್ಟ್ರಗಳನ್ನು ಮೀರಿದ ಸಶಸ್ತ್ರ ಪಡೆ ಮತ್ತು ಸ್ವತಂತ್ರ ತೆರಿಗೆ ಇವುಗಳನ್ನು ಬೇಡಿತು.

ಇಲ್ಲಿ ಚಳವಳಿ ಎರಡು ಪಂಗಡಗಳಾಗಿ ಒಡೆಯಿತು. ಕನಿಷ್ಠವಾದಿಗಳೆಂದು ಕರೆಯಲಾದವರು ಯುದ್ಧ ತಡೆ, ನಿಶ್ಶಸ್ತ್ರೀಕರಣ ಮತ್ತು ಅದಕ್ಕೆ ತಗಲುವ ವೆಚ್ಚ ಇಷ್ಟರಲ್ಲಿಯೇ ನಿಲ್ಲಬೇಕೆಂದರು. ಗರಿಷ್ಠವಾದಿಗಳು ನ್ಯಾಯವಿಲ್ಲದೆ ಶಾಂತಿ ನಿಲ್ಲದೆಂದರು. ಎರಡನೆಯ ಪಂಗಡದ ಅತಿ ಮಹತ್ವದ ಕೃತಿ ಷಿಕಾಗೋ ವಿಶ್ವವಿದ್ಯಾಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸ್ ಮತ್ತು ಇಟಲಿಯಿಂದ ವಲಸೆ ಬಂದ ಸಾಹಿತ್ಯ ಪ್ರಾಧ್ಯಾಪಕ ಜಿ. ಎ. ಬೋರ್ಗೆಸೆ ಅವರ ನೇತೃತ್ವದ ಸಮಿತಿಯು 1948ರಲ್ಲಿ ಪ್ರಕಟಿಸಿದ ವಿಶ್ವ ಸಂವಿಧಾನದ ಪ್ರಾಥಮಿಕ ಕರಡು. ಇದರಲ್ಲಿ ಭೂಮಿ, ನೀರು, ಗಾಳಿ, ಶಕ್ತಿ ಎಂಬ ನಾಲ್ಕನ್ನು ಮಾನವಕುಲದ ಸಾಮಾನ್ಯ ಸ್ವತ್ತೆಂದು ಸಾರಲಾಗಿದೆ. ಹತ್ತು ಲಕ್ಷ ಜನರಿಗೆ ಒಬ್ಬರಂತೆ ಚುನಾಯಿತರಾದವರ ಮಹಾಸಮಾವೇಶ, ಒಂಬತ್ತು ಪ್ರದೇಶಗಳು (ಅವುಗಳಲ್ಲಿ ಭಾರತವೂ ಒಂದು), 99 ಸದಸ್ಯರ ಶಾಸಕ ಮಂಡಳಿ, ಅಲ್ಪಸಂಖ್ಯಾತರ ಪರವಾಗಿ ಮೊರೆಯಿಡಲು ಒಬ್ಬ ಜನರಕ್ಷಕ ಮುಂತಾದ ಏರ್ಪಾಡುಗಳಿವೆ. ಕಾರ್ಯಸಾಧ್ಯತೆ ಏನೇ ಇರಲಿ, ಆ ಕಾಲದ ಯೋಜನೆಗಳ ಪೈಕಿ ಬಡ ರಾಷ್ಟ್ರಗಳ ಪ್ರಜೆಗಳನ್ನು ನಿಜವಾಗಿ ಗಮನದಲ್ಲಿಟ್ಟುಕೊಂಡ ಕೆಲವೇ ಬರಹಗಳಲ್ಲಿ ಇದು ಒಂದು.

ಆಲ್ಬರ್ಟ್ ಐನ್‌ಸ್ಟೈನ್ ಅವರ ನಿಲುವು ಈ ಎರಡೂ ಪಂಗಡಗಳ ನಡುವಿನದು. 1945ರ ನವೆಂಬರ್‌ನಲ್ಲಿ 'ಅಟ್ಲಾಂಟಿಕ್' ಮಾಸಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ವಿಶ್ವ ಸರ್ಕಾರಕ್ಕೆ ಸೈನಿಕ ವಿಷಯಗಳ ಮೇಲಿನ ಅಧಿಕಾರ ಸಾಕು ಎಂದರು. ಆದರೆ ಕೂಡಲೇ ಇನ್ನೊಂದು ಅಧಿಕಾರವನ್ನು ಸೇರಿಸಿದರು. ಯಾವುದೇ ದೇಶದಲ್ಲಿ ಅಲ್ಪಸಂಖ್ಯೆಯ ಗುಂಪೊಂದು ಬಹುಸಂಖ್ಯೆಯ ಜನರನ್ನು ತುಳಿಯುತ್ತಿದ್ದರೆ ಅಲ್ಲಿ ಮಧ್ಯಪ್ರವೇಶಿಸುವ ಅಧಿಕಾರವೂ ಬೇಕು, ಏಕೆಂದರೆ ಅಂತಹ ಸ್ಥಿತಿಯೇ ಯುದ್ಧಕ್ಕೆ ದಾರಿ ಎಂಬುದು ಅವರ ವಾದ. ಮೇಲುನೋಟಕ್ಕೆ ಸಣ್ಣದೆನಿಸುವ ಈ ಸೇರ್ಪಡೆಯಿಂದ ಮಿತಿಯ ಗೋಡೆಯಲ್ಲಿ ದೊಡ್ಡ ಬಾಗಿಲೇ ತೆರೆದಂತಾಗುತ್ತದೆ. ಬಹುಸಂಖ್ಯಾತರು ಅಲ್ಪಸಂಖ್ಯಾತರನ್ನು ತುಳಿದರೆ ಏನು ಎಂಬ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ.

1947ರಲ್ಲಿ ವಾವಿಲೋವ್, ಫ್ರುಮ್ಕಿನ್, ಯೋಫೆ ಮತ್ತು ಸೆಮ್ಯೋನೊವ್ ಎಂಬ ನಾಲ್ವರು ಸೋವಿಯತ್ ವಿಜ್ಞಾನಿಗಳು ಐನ್‌ಸ್ಟೈನರಿಗೆ ಬಹಿರಂಗ ಪತ್ರ ಬರೆದು, ವಿಶ್ವ ಸರ್ಕಾರವು ಬಂಡವಾಳಶಾಹಿ ಏಕಸ್ವಾಮ್ಯಗಳ ಜಾಗತಿಕ ಯಜಮಾನಿಕೆಗೆ ಹೊದಿಸಿದ ಚೆಂದದ ಹೊದಿಕೆ ಎಂದು ಆಕ್ಷೇಪಿಸಿದರು. 1949ರಲ್ಲಿ ಅಮೆರಿಕದ ಕೆಳಮನೆಯ ನೂರಕ್ಕೂ ಹೆಚ್ಚು ಸದಸ್ಯರು ವಿಶ್ವಸಂಸ್ಥೆಯನ್ನು ವಿಶ್ವ ಒಕ್ಕೂಟವಾಗಿ ಬೆಳೆಸುವ ಠರಾವನ್ನು ಬೆಂಬಲಿಸಿದರೂ, 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದ ಬಳಿಕ ಉತ್ಸಾಹ ಇಳಿಯಿತು. ಆ ದೇಶದ ಕೆಲವು ರಾಜ್ಯಗಳ ಶಾಸನಸಭೆಗಳು ತಾವೇ ಅಂಗೀಕರಿಸಿದ್ದ ಇಂತಹ ಠರಾವುಗಳನ್ನು ಹಿಂತೆಗೆದುಕೊಂಡವು.

ಕ್ಲಾರ್ಕ್ ಮತ್ತು ಸೋನ್ ಅವರ ಯೋಜನೆ

ಕನಿಷ್ಠವಾದದ ಅತ್ಯಂತ ವಿವರವಾದ ರೂಪ 1958ರಲ್ಲಿ ಗ್ರೆನ್‌ವಿಲ್ ಕ್ಲಾರ್ಕ್ ಮತ್ತು ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕ ಲೂಯಿಸ್ ಸೋನ್ ಹೊರತಂದ 'ವರ್ಲ್ಡ್ ಪೀಸ್ ಥ್ರೂ ವರ್ಲ್ಡ್ ಲಾ' ಎಂಬ ಗ್ರಂಥದಲ್ಲಿದೆ. ವಿಶ್ವಸಂಸ್ಥೆಯ ಸನ್ನದಿನ ಪ್ರತಿಯೊಂದು ಕಲಮನ್ನೂ ತಿದ್ದಿ ಬರೆದ ಈ ಕೃತಿಯು ಸಂಪೂರ್ಣ ನಿಶ್ಶಸ್ತ್ರೀಕರಣ, ವಿಶ್ವ ಪೊಲೀಸ್ ಪಡೆ, ಕಡ್ಡಾಯ ನ್ಯಾಯವ್ಯಾಪ್ತಿಯ ನ್ಯಾಯಾಲಯಗಳನ್ನು ಸೂಚಿಸುತ್ತದೆ. ಪ್ರಾತಿನಿಧ್ಯವನ್ನು ಜನಸಂಖ್ಯೆಗೆ ನೇರವಾಗಿ ಕಟ್ಟದೆ ಮೆಟ್ಟಿಲು ಮೆಟ್ಟಿಲಾಗಿ ನಿಗದಿಪಡಿಸಿ, ಅತಿ ದೊಡ್ಡ ರಾಷ್ಟ್ರಗಳಿಗೆ ತಲಾ 30 ಸ್ಥಾನಗಳ ಮಿತಿ ಹಾಕಲಾಗಿದೆ. ವಿಶ್ವಸಂಸ್ಥೆಯ ಆದಾಯವು ಇಡೀ ಪ್ರಪಂಚದ ಒಟ್ಟು ಉತ್ಪನ್ನದ ಶೇಕಡಾ 2ನ್ನು ಮೀರಬಾರದು. ಹೆಸರಿಸದ ಅಧಿಕಾರಗಳೆಲ್ಲವೂ ರಾಷ್ಟ್ರಗಳಿಗೆ ಮತ್ತು ಜನರಿಗೆ ಸೇರಿದವು ಎಂಬ ಕಲಮನ್ನೂ, ಹೊಸ ವಿಶ್ವಸಂಸ್ಥೆಯೇ ಉಲ್ಲಂಘಿಸಬಾರದ ಹಕ್ಕುಗಳ ಪಟ್ಟಿಯನ್ನೂ ಲೇಖಕರು ಸೇರಿಸಿದ್ದಾರೆ. ಗಮನಿಸತಕ್ಕ ಸಂಗತಿಯೆಂದರೆ, ಈ ಹಕ್ಕುಗಳು ಪ್ರಜೆಯನ್ನು ವಿಶ್ವ ಸರ್ಕಾರದಿಂದ ಮಾತ್ರ ರಕ್ಷಿಸುತ್ತವೆ. ಅವನ ಸ್ವಂತ ಸರ್ಕಾರದಿಂದಲ್ಲ.

ಮಿತಿ ಬೇಕೆನ್ನುವವರ ವಾದ

ಸೀಮಿತಾಧಿಕಾರದ ಪರವಾದ ಮೊದಲ ವಾದ ಸರಳವಾದುದು. ಒಂದು ದೇಶದ ಸರ್ಕಾರ ಕೆಟ್ಟರೆ ಜನರು ಗಡಿ ದಾಟಿ ಮತ್ತೊಂದು ದೇಶದಲ್ಲಿ ಆಶ್ರಯ ಪಡೆಯಬಹುದು. ವಿಶ್ವ ಸರ್ಕಾರ ಕೆಟ್ಟರೆ ಓಡಿಹೋಗಲು ಜಾಗವಿಲ್ಲ. ಜರ್ಮನಿಯನ್ನು ತೊರೆದ ಐನ್‌ಸ್ಟೈನರಿಗೆ ಅಮೆರಿಕ ಇತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಎರಡನೆಯದು, ಬಹುಮತದ ಪ್ರಶ್ನೆ. ಭಾಷೆ, ಧರ್ಮ, ವಿವಾಹ, ಶಿಕ್ಷಣ ಮುಂತಾದ ವಿಷಯಗಳಲ್ಲಿ ಕೋಟ್ಯಂತರ ಜನರ ಜಾಗತಿಕ ಬಹುಮತಕ್ಕೆ ಸಣ್ಣ ಸಮುದಾಯಗಳನ್ನು ಅಧೀನಗೊಳಿಸಿದರೆ, ಮತ ಎಷ್ಟೇ ಪ್ರಾಮಾಣಿಕವಾಗಿ ಎಣಿಕೆಯಾದರೂ ಅದು ಪ್ರಜಾಪ್ರಭುತ್ವವೆನಿಸದು. ಮೂರನೆಯದು ವ್ಯವಹಾರಕ್ಕೆ ಸೇರಿದ್ದು: ಕಡಿಮೆ ಕೇಳಿದರೆ ರಾಷ್ಟ್ರಗಳು ಸಹಿ ಹಾಕಬಹುದು, ಹೆಚ್ಚು ಕೇಳಿದರೆ ಹಾಕಲಾರವು. ಬಡ ರಾಷ್ಟ್ರಗಳು ಆಸ್ತಿಯ ಮರುಹಂಚಿಕೆಗೆ ಅಧಿಕಾರ ಬೇಕೆನ್ನುವುದೂ ಶ್ರೀಮಂತ ರಾಷ್ಟ್ರಗಳು ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಚರ್ಚಿಸಲು ಸಿದ್ಧವಿರುವುದೂ ಈ ಮೂರನೆಯ ವಾದದ ಹಿಂದಿನ ವಾಸ್ತವ.

ಆಂತರಿಕ ವಿಷಯವೆಂಬ ಮಿತಿ: 1946 ಮತ್ತು 1948

ಇಂತಹ ಮಿತಿ ಕಾರ್ಯರೂಪದಲ್ಲಿ ಹೇಗಿರುತ್ತದೆಂಬುದಕ್ಕೆ ವಿಶ್ವಸಂಸ್ಥೆಯ ಇತಿಹಾಸವೇ ನಿದರ್ಶನ ಒದಗಿಸುತ್ತದೆ. ಸನ್ನದಿನ 2ನೆಯ ಅನುಚ್ಛೇದದ 7ನೆಯ ಕಲಮಿನ ಪ್ರಕಾರ, ಮೂಲತಃ ಒಂದು ರಾಷ್ಟ್ರದ ಆಂತರಿಕ ಅಧಿಕಾರವ್ಯಾಪ್ತಿಗೆ ಸೇರಿದ ವಿಷಯಗಳಲ್ಲಿ ವಿಶ್ವಸಂಸ್ಥೆ ಕೈಹಾಕುವಂತಿಲ್ಲ.

1946ರಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರವು ಏಷ್ಯನ್ನರ ಭೂಹಿಡುವಳಿ ಮತ್ತು ಭಾರತೀಯರ ಪ್ರಾತಿನಿಧ್ಯ ಕುರಿತ ಕಾಯ್ದೆಯನ್ನು ಜಾರಿಗೆ ತಂದು, ಅಲ್ಲಿನ ಭಾರತೀಯರು ಎಲ್ಲಿ ಭೂಮಿ ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂಬುದರ ಮೇಲೆ ನಿರ್ಬಂಧ ಹೇರಿತು. ಇನ್ನೂ ಸ್ವತಂತ್ರವಾಗಿರದ ಭಾರತವು ಈ ವಿಷಯವನ್ನು ವಿಶ್ವಸಂಸ್ಥೆಯ ಮೊದಲ ಸಾಮಾನ್ಯ ಸಭೆಯ ಮುಂದಿಟ್ಟಿತು. ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತ್. ಎದುರಾಳಿ ದಕ್ಷಿಣ ಆಫ್ರಿಕಾದ ಪ್ರಧಾನಿ ಯಾನ್ ಸ್ಮಟ್ಸ್. ಸನ್ನದಿನ ಪೀಠಿಕೆಯನ್ನು ರೂಪಿಸುವುದರಲ್ಲಿ ಪ್ರಮುಖ ಪಾತ್ರ ವಹಿಸಿದ್ದವರೂ ಇವರೇ. ಇದು ತಮ್ಮ ದೇಶದ ಪ್ರಜೆಗಳಿಗೆ ಸಂಬಂಧಿಸಿದ ಆಂತರಿಕ ವಿಷಯ, ಸಂದೇಹವಿದ್ದರೆ ಅಂತಾರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳಿರಿ ಎಂದು ಸ್ಮಟ್ಸ್ ವಾದಿಸಿದರು. ಕಲಮಿನ ಅಕ್ಷರಕ್ಕೆ ಅಂಟಿಕೊಂಡು ಓದಿದರೆ ಆ ವಾದ ತೀರಾ ದುರ್ಬಲವೇನಲ್ಲ. ಆದರೆ 1946ರ ಡಿಸೆಂಬರ್ 8ರಂದು ಸಾಮಾನ್ಯ ಸಭೆಯು 32 ಮತಗಳಿಂದ, 15 ವಿರೋಧ ಮತಗಳ ನಡುವೆ, ಭಾರತದ ಪರವಾದ ನಿರ್ಣಯವನ್ನು ಅಂಗೀಕರಿಸಿತು. ಮೂರನೆಯ ಎರಡರಷ್ಟು ಬಹುಮತ ದೊರೆತಿತ್ತು. ನಿರ್ಣಯವೇನೋ ಆಯಿತು, ದಕ್ಷಿಣ ಆಫ್ರಿಕಾ ಅದನ್ನು ಪಾಲಿಸಲಿಲ್ಲ. ಎರಡು ವರ್ಷಗಳಲ್ಲಿ ಅಲ್ಲಿ ವರ್ಣಭೇದ ನೀತಿಯು ಅಧಿಕೃತ ರಾಜ್ಯನೀತಿಯಾಯಿತು. ಭದ್ರತಾ ಮಂಡಳಿಯು ಕಡ್ಡಾಯ ಶಸ್ತ್ರಾಸ್ತ್ರ ನಿರ್ಬಂಧ ವಿಧಿಸಲು 1977ರವರೆಗೆ ಕಾಯಬೇಕಾಯಿತು.

ಎರಡೇ ವರ್ಷಗಳ ತರುವಾಯ ಭಾರತ ಇನ್ನೊಂದು ಬದಿಯಲ್ಲಿ ನಿಂತಿತು. 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ನಿಜಾಮರ ಸರ್ಕಾರ ಭಾರತದ ವಿರುದ್ಧ ಭದ್ರತಾ ಮಂಡಳಿಗೆ ದೂರು ನೀಡಿತು. ಹೈದರಾಬಾದ್ ಸ್ವತಂತ್ರ ರಾಷ್ಟ್ರವೇ ಅಲ್ಲ, ಆದ್ದರಿಂದ ದೂರು ಕೊಡುವ ಅರ್ಹತೆ ಅದಕ್ಕಿಲ್ಲ ಎಂಬುದು ಭಾರತದ ವಾದವಾಗಿತ್ತು. ಸೆಪ್ಟೆಂಬರ್ 16ರಂದು ಮಂಡಳಿಯಲ್ಲಿ ವಿಷಯ ಚರ್ಚೆಗೆ ಬಂದಿತು. ಮರುದಿನವೇ ನಿಜಾಮರು ಪ್ರತಿರೋಧ ನಿಲ್ಲಿಸಿದರು, ಆಮೇಲೆ ದೂರನ್ನೂ ಹಿಂತೆಗೆದುಕೊಂಡರು. ಅಂದು ಆ ಸಂಸ್ಥಾನದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಜನರಿಗೆ ಅದು ವಿಮೋಚನೆ. ಇಂದಿಗೂ ಅಲ್ಲಿ ಸೆಪ್ಟೆಂಬರ್ 17ರಂದು ವಿಮೋಚನಾ ದಿನವನ್ನು ಆಚರಿಸಲಾಗುತ್ತದೆ. ಎರಡೂ ಪ್ರಕರಣಗಳಲ್ಲಿ ನ್ಯಾಯ ತಮ್ಮ ಕಡೆಗಿದೆಯೆಂದು ಭಾರತೀಯರು ನಂಬಿದರು, ನಂಬಲು ಕಾರಣಗಳೂ ಇದ್ದವು. ಆದರೆ ಮೊದಲನೆಯದರಲ್ಲಿ ಹೊರಗಿನವರ ಪ್ರವೇಶ ಬೇಕಾಗಿತ್ತು, ಎರಡನೆಯದರಲ್ಲಿ ಬೇಡವಾಗಿತ್ತು. ಮಿತಿಯ ಗೆರೆಯನ್ನು ಮೊದಲೇ ಎಳೆದಿಡುವುದು ಎಷ್ಟು ಕಷ್ಟವೆಂಬುದು ಇದರಿಂದ ತಿಳಿಯುತ್ತದೆ.

ಭಾರತೀಯ ಚಿಂತನೆಯಲ್ಲಿ

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಅಂಗೀಕೃತವಾದ 'ಭಾರತ ಬಿಟ್ಟು ತೊಲಗಿ' ನಿರ್ಣಯದಲ್ಲಿ ಸ್ವತಂತ್ರ ರಾಷ್ಟ್ರಗಳ ವಿಶ್ವ ಒಕ್ಕೂಟದ ಬೇಡಿಕೆಯಿರುವುದು ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣಿಸದ ಸಂಗತಿ. ನಿರ್ಣಯವು ಆ ಒಕ್ಕೂಟಕ್ಕೆ ಆಕ್ರಮಣ ತಡೆಯ ಜೊತೆಗೆ ಶೋಷಣೆಯ ತಡೆ, ಅಲ್ಪಸಂಖ್ಯಾತರ ರಕ್ಷಣೆ, ಹಿಂದುಳಿದ ಪ್ರದೇಶಗಳ ಏಳಿಗೆ ಮತ್ತು ಪ್ರಪಂಚದ ಸಂಪನ್ಮೂಲಗಳ ಸಾಮಾನ್ಯ ಬಳಕೆಯ ಹೊಣೆಯನ್ನೂ ವಹಿಸುತ್ತದೆ. ಅಂದರೆ ಇದು ಕನಿಷ್ಠವಾದವಲ್ಲ. ಭಾರತದ ಸಂವಿಧಾನದ 51ನೆಯ ಅನುಚ್ಛೇದ ಅಂತಾರಾಷ್ಟ್ರೀಯ ಶಾಂತಿಯನ್ನು ರಾಜ್ಯನೀತಿಯ ನಿರ್ದೇಶಕ ತತ್ವವಾಗಿ ಉಳಿಸಿಕೊಂಡಿತಾದರೂ ವಿಶ್ವ ಒಕ್ಕೂಟದ ಮಾತನ್ನು ಎತ್ತಲಿಲ್ಲ. ಕನ್ನಡದ ಓದುಗರಿಗೆ ಪರಿಚಿತವಾದ ಕುವೆಂಪು ಅವರ ವಿಶ್ವಮಾನವ ಕಲ್ಪನೆಯನ್ನು ಇದರೊಡನೆ ಬೆರೆಸಬಾರದು. ಅದು ಮನುಷ್ಯನ ಅಂತರಂಗಕ್ಕೆ ಸಂಬಂಧಿಸಿದ ಆದರ್ಶವೇ ಹೊರತು ಆಡಳಿತದ ನಕ್ಷೆಯಲ್ಲ.

ಬಿ. ಆರ್. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣ ವಿಶ್ವ ಸರ್ಕಾರವನ್ನು ಕುರಿತದ್ದಲ್ಲ. ಆದರೂ ಈ ಚರ್ಚೆಗೆ ಅದು ನೇರವಾಗಿ ತಾಗುತ್ತದೆ. ಗ್ರಾಮಗಳನ್ನೇ ರಾಜ್ಯದ ಘಟಕವಾಗಿಸಬೇಕೆಂದವರಿಗೆ ಉತ್ತರಿಸುತ್ತ, ಕರಡು ಸಂವಿಧಾನವು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಆರಿಸಿಕೊಂಡದ್ದಕ್ಕೆ ಅವರು ಸಂತೋಷ ವ್ಯಕ್ತಪಡಿಸಿದರು. ಸ್ಥಳೀಯ ಸ್ವಾತಂತ್ರ್ಯವೆಂಬುದು ಊರಿನ ಹೊರಗೆ ಇಡಲ್ಪಟ್ಟವನ ಪಾಲಿಗೆ ಸ್ವಾತಂತ್ರ್ಯವಲ್ಲ. ಹಳ್ಳಿಯ ಜಾಗದಲ್ಲಿ ರಾಷ್ಟ್ರವನ್ನೂ ದೇಶದ ಜಾಗದಲ್ಲಿ ವಿಶ್ವವನ್ನೂ ಇಟ್ಟು ನೋಡಿದರೆ ಕ್ಲಾರ್ಕ್ ಮತ್ತು ಸೋನ್ ಅವರ ಹಕ್ಕುಗಳ ಪಟ್ಟಿಯ ಕೊರತೆ ಸ್ಪಷ್ಟವಾಗುತ್ತದೆ.

ಮಿತಿಯನ್ನು ಕಾಯುವವರು

ಕಾಗದದ ಮೇಲಿನ ಮಿತಿ ಉಳಿಯುತ್ತದೆಯೆ ಎಂಬುದು ಬೇರೆಯೇ ಪ್ರಶ್ನೆ. ಈಗಿರುವ ಒಕ್ಕೂಟಗಳ ಅನುಭವ ಮಿಶ್ರವಾದುದು.

ಅಮೆರಿಕದ ಸಂವಿಧಾನವು ಕೇಂದ್ರಕ್ಕೆ ಹೆಸರಿಸಿದ ಅಧಿಕಾರಗಳನ್ನಷ್ಟೇ ಕೊಟ್ಟು, 1791ರ ಹತ್ತನೆಯ ತಿದ್ದುಪಡಿಯ ಮೂಲಕ ಉಳಿದುದನ್ನು ರಾಜ್ಯಗಳಿಗೆ ಹಾಗೂ ಜನರಿಗೆ ಮೀಸಲಿಟ್ಟಿತು. ಆ ಅಧಿಕಾರಗಳಲ್ಲಿ ಒಂದು ಅಂತರರಾಜ್ಯ ವಾಣಿಜ್ಯ. ಓಹಾಯೊ ರಾಜ್ಯದ ರೈತ ರಾಸ್ಕೊ ಫಿಲ್‌ಬರ್ನ್ ತನಗೆ ಗೊತ್ತುಪಡಿಸಿದ್ದ 11.1 ಎಕರೆಗೆ ಬದಲಾಗಿ 23 ಎಕರೆಯಲ್ಲಿ ಗೋಧಿ ಬಿತ್ತಿದನು. ಹೆಚ್ಚುವರಿ ಗೋಧಿ ಸ್ವಂತ ಬಳಕೆಗೆ, ದನಕರುಗಳ ಮೇವಿಗೆ, ಅದು ರಾಜ್ಯದ ಗಡಿ ದಾಟುವುದಿಲ್ಲ ಎಂದು ಆತ ವಾದಿಸಿದನು. 1942ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂತಹ ರೈತರೆಲ್ಲರೂ ಹೀಗೆ ಮಾಡಿದರೆ ದೇಶದ ಗೋಧಿ ಮಾರುಕಟ್ಟೆಯ ಮೇಲೆ ಪರಿಣಾಮವಾಗುತ್ತದೆ, ಆದ್ದರಿಂದ ಕೇಂದ್ರಕ್ಕೆ ಅಧಿಕಾರವಿದೆ ಎಂದು ತೀರ್ಪಿತ್ತಿತು. ಸಂವಿಧಾನದ ಒಂದಕ್ಷರವೂ ಬದಲಾಗದೆ ಮಿತಿ ಮಾತ್ರ ಹೊಲದೊಳಕ್ಕೆ ಸರಿಯಿತು. ಯುದ್ಧ ತಡೆಯಷ್ಟೇ ತನ್ನ ಕೆಲಸವೆನ್ನುವ ವಿಶ್ವ ಸರ್ಕಾರವೂ, ಉಕ್ಕು, ಯುರೇನಿಯಂ, ವಿಜ್ಞಾನ ಶಿಕ್ಷಣ ಎಲ್ಲವೂ ಯುದ್ಧಕ್ಕೆ ಸಂಬಂಧಿಸಿದವೆಂದು ಇದೇ ದಾರಿ ಹಿಡಿಯಬಹುದೆಂಬ ಆತಂಕಕ್ಕೆ ಈ ತೀರ್ಪು ಪುಷ್ಟಿ ಕೊಡುತ್ತದೆ.

ಭಾರತದಲ್ಲಿ ಮೂಲ ಸಂವಿಧಾನದ ಏಳನೆಯ ಅನುಸೂಚಿಯು ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47 ವಿಷಯಗಳನ್ನು ಹೆಸರಿಸಿತ್ತು, ಶೇಷಾಧಿಕಾರ ಕೇಂದ್ರದ್ದು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ 42ನೆಯ ತಿದ್ದುಪಡಿಯಿಂದ ಶಿಕ್ಷಣ, ಅರಣ್ಯ ಮುಂತಾದ ವಿಷಯಗಳು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋದವು. ಶಾಲೆಗಳಲ್ಲಿ ದುಡಿದವರಿಗೆ ಈ ವರ್ಗಾವಣೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ರಾಜ್ಯ ಸರ್ಕಾರಗಳನ್ನು ವಜಾ ಮಾಡಲು ಅವಕಾಶ ಕೊಡುವ 356ನೆಯ ಅನುಚ್ಛೇದ ಎಂದೂ ಬಳಕೆಗೆ ಬಾರದಿರಲಿ ಎಂದು ಅಂಬೇಡ್ಕರ್ ಆಶಿಸಿದ್ದರು. ಅದು ಹತ್ತಾರು ಬಾರಿ ಬಳಕೆಯಾಯಿತು. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ ಅವರಿಗೆ ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸುವ ಅವಕಾಶವನ್ನೂ ಕೊಡದೆ ಸರ್ಕಾರವನ್ನು ವಜಾ ಮಾಡಲಾಯಿತು. ಅವರು ಹೂಡಿದ ಮೊಕದ್ದಮೆಯಲ್ಲಿ 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಬಹುಮತದ ಪರೀಕ್ಷೆ ಸದನದಲ್ಲಿಯೇ ಆಗಬೇಕು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟಿದೆ ಎಂದು ತೀರ್ಪು ನೀಡಿತು. ಆ ಬಳಿಕ ಈ ಅನುಚ್ಛೇದದ ಬಳಕೆ ಗಣನೀಯವಾಗಿ ಕಡಿಮೆಯಾಗಿದೆ. ಬೊಮ್ಮಾಯಿ ಅವರ ಸರ್ಕಾರವಂತೂ ಮರಳಿ ಬರಲಿಲ್ಲ. ತೀರ್ಪಿಗೆ ಐದು ವರ್ಷ ಹಿಡಿದಿತ್ತು.

ಯುರೋಪಿಯನ್ ಒಕ್ಕೂಟದಲ್ಲಿ, ಕೆಳಹಂತದಲ್ಲಿ ಸಮರ್ಪಕವಾಗಿ ನಡೆಯಬಲ್ಲ ಕೆಲಸವನ್ನು ಮೇಲಿನ ಹಂತ ಕೈಗೆತ್ತಿಕೊಳ್ಳಬಾರದೆಂಬ ತತ್ವವನ್ನು 1992ರ ಮಾಸ್ಟ್ರಿಕ್ಟ್ ಒಪ್ಪಂದ ಸೇರಿಸಿತು. 2009ರಿಂದ ರಾಷ್ಟ್ರೀಯ ಸಂಸತ್ತುಗಳ ಮೂರನೆಯ ಒಂದರಷ್ಟು ಮತಗಳು ಆಕ್ಷೇಪಿಸಿದರೆ ಮಸೂದೆಯನ್ನು ಮರುಪರಿಶೀಲಿಸಬೇಕೆಂಬ 'ಹಳದಿ ಕಾರ್ಡ್' ಪದ್ಧತಿ ಇದೆ. 2012ರಲ್ಲಿ ಮುಷ್ಕರದ ಹಕ್ಕಿಗೆ ಸಂಬಂಧಿಸಿದ ಮಸೂದೆಯ ಮೇಲೆ ಇದು ಮೊದಲ ಬಾರಿಗೆ ಪ್ರಯೋಗವಾಗಿ, ಮಸೂದೆ ಹಿಂದೆ ಹೋಯಿತು. ಗೆರೆಯನ್ನು ಯಾರು ನಿರ್ಧರಿಸಬೇಕೆಂಬ ಜಗಳ ಮಾತ್ರ ಇನ್ನೂ ತೀರಿಲ್ಲ. 2020ರ ಮೇ 5ರಂದು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯವು ಒಕ್ಕೂಟದ ನ್ಯಾಯಾಲಯವೇ ತನ್ನ ವ್ಯಾಪ್ತಿ ಮೀರಿದೆ ಎಂದು ಹೇಳಿತು. ಕೇಂದ್ರದ ನ್ಯಾಯಾಲಯವೊಂದನ್ನೇ ಕಾವಲಿಗಿಟ್ಟರೆ ಫಿಲ್‌ಬರ್ನನಿಗೆ ಆದುದು ಆಗಬಹುದು, ರಾಷ್ಟ್ರಗಳ ನ್ಯಾಯಾಲಯಗಳಿಗೆ ಬಿಟ್ಟರೆ ಪ್ರತಿ ದೇಶವೂ ತನಗೆ ಒಗ್ಗದ ಕಾನೂನನ್ನು ತಳ್ಳಿಹಾಕಬಹುದು.

ಯುದ್ಧದ ಆಚೆಗಿನ ಸಮಸ್ಯೆಗಳು

1947ರ ಕನಿಷ್ಠವಾದಿಗಳ ಮುಂದೆ ಬಾಂಬು ಇತ್ತು, ಹವಾಮಾನ ಬದಲಾವಣೆ ಇರಲಿಲ್ಲ. ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್ ಆಂತರಿಕ ವಿಷಯವೆನ್ನುವುದು ಕಷ್ಟ. ಅದನ್ನು ನಿಯಂತ್ರಿಸಲು ಹೊರಟರೆ ಇಂಧನ, ಕೃಷಿ, ಸಾರಿಗೆ ಯಾವುದೂ ಹೊರಗುಳಿಯದು ಎಂಬುದೂ ಅಷ್ಟೇ ನಿಜ. ಸಣ್ಣ ವ್ಯಾಪ್ತಿಯಲ್ಲಿ ಆಳವಾದ ಅಧಿಕಾರ ಸಾಧ್ಯವೆಂಬುದಕ್ಕೆ ಓಝೋನ್ ಪದರದ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದವನ್ನು ಉದಾಹರಿಸಲಾಗುತ್ತದೆ. ಈಗಾಗಲೇ ನಿಯಂತ್ರಣದಲ್ಲಿರುವ ರಾಸಾಯನಿಕಗಳ ಪ್ರಮಾಣವನ್ನು ಇನ್ನಷ್ಟು ಇಳಿಸಲು ಸದಸ್ಯರಲ್ಲಿ ಮೂರನೆಯ ಎರಡರಷ್ಟು ಮತಗಳು ಸಾಕು. ಜೊತೆಗೆ ಅಭಿವೃದ್ಧಿಶೀಲ ಮತ್ತು ಅಭಿವೃದ್ಧಿ ಹೊಂದಿದ ರಾಷ್ಟ್ರಗಳ ಎರಡೂ ಗುಂಪುಗಳಲ್ಲಿ ಪ್ರತ್ಯೇಕ ಬಹುಮತ ಬೇಕು. ವಿರೋಧಿಸಿದ ರಾಷ್ಟ್ರಗಳಿಗೂ ಅದು ಅನ್ವಯಿಸುತ್ತದೆ. ವಾಸ್ತವದಲ್ಲಿ ತೀರ್ಮಾನಗಳು ಸರ್ವಸಮ್ಮತಿಯಿಂದಲೇ ಆಗುತ್ತ ಬಂದಿವೆ.

ವ್ಯಕ್ತಿಗಳ ಮೇಲೆ ನೇರ ಅಧಿಕಾರವೆಂಬ ಮಾಂಟ್ರೋ ಬೇಡಿಕೆಯು ಅಂಶತಃ ಈಡೇರಿದ್ದು 1998ರ ರೋಮ್ ಶಾಸನದಿಂದ. 2002ರಲ್ಲಿ ಜಾರಿಗೆ ಬಂದ ಇದರನ್ವಯ ಸ್ಥಾಪನೆಯಾದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವು ನರಮೇಧ, ಯುದ್ಧಾಪರಾಧ ಮುಂತಾದ ಕೆಲವೇ ಅಪರಾಧಗಳನ್ನು, ಅದೂ ಆಯಾ ರಾಷ್ಟ್ರದ ನ್ಯಾಯಾಲಯಗಳು ವಿಚಾರಣೆ ನಡೆಸಲು ಸಿದ್ಧವಿಲ್ಲದಿದ್ದಾಗ ಅಥವಾ ಅಶಕ್ತವಾದಾಗ ಮಾತ್ರ, ಕೈಗೆತ್ತಿಕೊಳ್ಳಬಹುದು. ಹೊರಗಿನ ಅಧಿಕಾರಕ್ಕೆ ಇಲ್ಲಿ ಮಿತಿಯಿದೆ. ಒಳಗಿನ ನ್ಯಾಯ ಕೈಕೊಟ್ಟಾಗ ಆ ಮಿತಿ ತಾನಾಗಿ ಸಡಿಲಗೊಳ್ಳುತ್ತದೆ. ಅಮೆರಿಕ, ರಷ್ಯಾ, ಚೀನಾ ಮತ್ತು ಭಾರತ ಇದರ ಸದಸ್ಯ ರಾಷ್ಟ್ರಗಳಲ್ಲ.